ಬಾಗಿಲ ಆಚೆ ಯಾರಿದ್ದರು? ಇಂಗ್ಲಿಷ್ ಪಾಠದ ಹೆದರಿಕೆ ಕಥೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆ-ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಓದಿ ಹೆದರಿದ ಕಥೆಗಳ ಬಗ್ಗೆ ಈ ಸಲ ಪ್ರಶ್ನೆ ಕೇಳಿದ್ದೆವು. ಬಹಳ ಕಾಗದಗಳು ಕೋತಿಯ ಪಂಜದ ಸುತ್ತಲೇ ಇವೆ, ಅದರಿಂದಲೇ ಶುರು ಮಾಡೋಣ. ಕಥೆಗಳ ಕೊನೆ ಇಲ್ಲಿ ಬಯಲಾಗುತ್ತದೆ. ಓದದೇ ಇರುವವರು ಮೊದಲು ಕಥೆ ಓದಿಕೊಂಡು ಬರುವುದು ಒಳ್ಳೆಯದು.

ಪ್ರಶ್ನೆ: ಪಿಯುಸಿಯಲ್ಲಿದ್ದಾಗ ಒಣಗಿದ ಕೋತಿ ಪಂಜದ ಕಥೆ ಓದಿದ್ದೆ. ಮೂರು ವರ ಕೊಡುವ ಪಂಜ. ಕೊನೆಯಲ್ಲಿ ಸತ್ತ ಮಗ ಹರಿದ ಬಟ್ಟೆ, ಕೊಳೆತ ಮುಖದೊಂದಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಈಗ ಮೂಲ ಓದಿದ ಮಗಳು "ಅಂಥದ್ದೇನೂ ಇಲ್ಲವಲ್ಲಪ್ಪ" ಅನ್ನುತ್ತಾಳೆ. ಎರಡು ಬಗೆಯ ಕಥೆ ಇದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳು ಹೇಳಿದ್ದೇ ಸರಿ. ಅದು ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಅವರ 'ದಿ ಮಂಕೀಸ್ ಪಾ', ಅಚ್ಚಾದದ್ದು 1902ರಲ್ಲಿ. ಬಾಗಿಲ ಆಚೆ ಇರುವುದನ್ನು ಮೂಲದಲ್ಲಿ ತಾಯಿ ನೋಡುವುದಿಲ್ಲ, ತಂದೆ ನೋಡುವುದಿಲ್ಲ, ನಾವೂ ನೋಡುವುದಿಲ್ಲ. ಆದರೂ ನಿಮ್ಮ ಹಾಗೆ ಎಷ್ಟೋ ಜನರಿಗೆ ಆ ಮುಖ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಅದಕ್ಕೆ ಕಾರಣ ಕಥೆಯ ಕಟ್ಟಡದಲ್ಲೇ ಇದೆ.

ಸತ್ತ ಮಗ ಮತ್ತೆ ಬದುಕಲಿ ಎಂದು ಎರಡನೇ ವರ ಕೇಳೆಂದು ಹೆಂಡತಿ ಪಟ್ಟು ಹಿಡಿದಾಗ ಮುದುಕ ವೈಟ್ ಒಂದು ಮಾತು ಹೇಳುತ್ತಾನೆ: ಮಗ ಸತ್ತು ಹತ್ತು ದಿನವಾಯಿತು, ಅವತ್ತೇ ಬಟ್ಟೆ ನೋಡಿ ಗುರುತು ಹಿಡಿಯಬೇಕಾಯಿತು. ಹರ್ಬರ್ಟ್ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತವನು. ಯಂತ್ರ, ಹತ್ತು ದಿನ, ಬಟ್ಟೆಯ ಗುರುತು. ಇಷ್ಟನ್ನು ಕೈಗಿತ್ತು ಜೇಕಬ್ಸ್ ಸುಮ್ಮನಾಗುತ್ತಾರೆ, ಉಳಿದ ಮುಖವನ್ನು ಓದಿದವರು ತಾವೇ ಬರೆದುಕೊಳ್ಳುತ್ತಾರೆ. ನೀವು ಬರೆದುಕೊಂಡದ್ದು ಇಷ್ಟು ವರ್ಷ ಅಳಿಸಿಲ್ಲ ಅಷ್ಟೆ.

ಪರೀಕ್ಷೆಗೆಂದು ಓದಿದವರ ಕಣ್ಣು ತಪ್ಪಿಸುವ ಇನ್ನೊಂದು ವಿವರ ದೂರದ್ದು. ಎರಡನೇ ವರ ಕೇಳಿದ ಕೂಡಲೇ ಏನೂ ಆಗುವುದಿಲ್ಲ. ಮೋಂಬತ್ತಿಯ ತುಂಡು ಉರಿದು ಆರುತ್ತದೆ, ಮುದುಕ ನಿಟ್ಟುಸಿರು ಬಿಟ್ಟು ಹಾಸಿಗೆಗೆ ಮರಳುತ್ತಾನೆ. ಯಾಕೆ ತಡ? ಸ್ಮಶಾನ ಸುಮಾರು ಎರಡು ಮೈಲಿ ಆಚೆ ಎಂದು ಜೇಕಬ್ಸ್ ಹಿಂದೆಯೇ ಹೇಳಿಟ್ಟಿದ್ದಾರೆ. ಬಾಗಿಲು ತಟ್ಟುವ ಸದ್ದು ಕೇಳಿದಾಗ ತಾಯಿ ಕೂಗುತ್ತಾಳೆ, ಎರಡು ಮೈಲಿ ದೂರ ಅನ್ನೋದನ್ನೇ ಮರೆತಿದ್ದೆ ಅಂತ. ಅಂದರೆ ಅವರು ಕತ್ತಲಲ್ಲಿ ಮಲಗಿದ್ದಷ್ಟು ಹೊತ್ತೂ ಆ ದಾರಿಯಲ್ಲಿ ಯಾವುದೋ ಒಂದು ನಡೆದು ಬರುತ್ತಿತ್ತು. ಇಡೀ ಕಥೆಯಲ್ಲಿ ಇದಕ್ಕಿಂತ ಭಯದ ಮಾತು ಇನ್ನೊಂದಿಲ್ಲ, ಅದನ್ನೂ ಅವರು ಬಾಯಿಬಿಟ್ಟು ಹೇಳಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಸದ್ದು. ಮೊದಲ ತಟ್ಟು ಕೇಳಿಯೂ ಕೇಳದಷ್ಟು ಮೆಲ್ಲಗೆ, ಮುದುಕನ ಕೈಯಿಂದ ಬೆಂಕಿಕಡ್ಡಿಗಳು ಉದುರುತ್ತವೆ. ಮೂರನೆಯದು ಮನೆಯೆಲ್ಲ ಕೇಳುತ್ತದೆ. ಬಾಗಿಲ ಸರಪಳಿ ಕಳಚುತ್ತದೆ, ಕೆಳಗಿನ ಅಗುಳಿ ಬಿಗಿಯಾಗಿ ಸರಿಯುತ್ತದೆ. ಮೇಲಿನ ಅಗುಳಿ ತಾಯಿಗೆ ಎಟುಕದು, ಕುರ್ಚಿ ಎಳೆಯುತ್ತಾಳೆ. ಮಹಡಿಯಲ್ಲಿ ಮುದುಕ ಅಂಗೈ-ಮೊಣಕಾಲೂರಿ ಪಂಜಕ್ಕಾಗಿ ನೆಲ ತಡಕುತ್ತಿದ್ದಾನೆ. ಅಗುಳಿ ಕಿರುಗುಟ್ಟುವ ಹೊತ್ತಿಗೇ ಪಂಜ ಕೈಗೆ ಸಿಗುತ್ತದೆ. ಮೂರನೇ ವರ ಏನೆಂದು ಎಲ್ಲೂ ಬರೆದಿಲ್ಲ. ಮಗ ಮತ್ತೆ ಸಾಯಲಿ ಎಂದು ಬೇಡಿಕೊಂಡ ಎಂದು ಗೈಡ್‌ನಲ್ಲಿದ್ದರೆ ಅದು ಗೈಡ್ ಬರೆದವರ ಊಹೆ. ಬಾಗಿಲು ತೆರೆದಾಗ ಕಾಣುವುದು ಬೀದಿದೀಪ ಮತ್ತು ಖಾಲಿ ರಸ್ತೆ.

ಪಂಜಕ್ಕೆ ಶಕ್ತಿಯಿತ್ತು ಎಂಬುದಕ್ಕೂ ಕಥೆಯಲ್ಲಿ ಗಟ್ಟಿ ಸಾಕ್ಷಿ ಇಲ್ಲ. ಮನೆಯ ಸಾಲ ತೀರಿಸಲು ಕೇಳಿದ 200 ಪೌಂಡ್ ಬಂದದ್ದು ಹರ್ಬರ್ಟ್‌ನ ಕಂಪನಿ ಕೊಟ್ಟ ಪರಿಹಾರವಾಗಿ, ಅದೂ ತಮ್ಮ ಹೊಣೆಯೇನೂ ಇಲ್ಲ ಎಂಬ ಮಾತಿನ ಜೊತೆಗೆ. ಕಾಕತಾಳೀಯ ಎಂದು ತಳ್ಳಿಹಾಕಬಹುದು. ಆದರೆ ಪಂಜ ತಂದ ಸಾರ್ಜೆಂಟ್ ಮೇಜರ್ ಮಾರಿಸ್ ಹೇಳಿದ್ದನ್ನು ಮರೆಯಬೇಡಿ. ಅದರ ಮೊದಲ ಒಡೆಯ ಮೂರನೇ ವರವಾಗಿ ಸಾವನ್ನೇ ಕೇಳಿಕೊಂಡಿದ್ದ. ಮೊದಲೆರಡು ಏನಾಗಿದ್ದವೋ ಮಾರಿಸ್‌ಗೂ ಗೊತ್ತಿಲ್ಲ. ತಾನು ಏನು ಕೇಳಿದ್ದ ಎಂಬುದನ್ನಂತೂ ಅವನು ಹೇಳುವುದೇ ಇಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ. ಎಡ್ಗರ್ ಅಲನ್ ಪೋ ಅವರ 'ದಿ ಟೆಲ್-ಟೇಲ್ ಹಾರ್ಟ್' ಗಟ್ಟಿಯಾಗಿ ಓದಿ ಹೇಳಿದರೆ ಮಕ್ಕಳು ಹೆದರುವ ಬದಲು ನಗುತ್ತಾರೆ. ಎಲ್ಲಿ ಎಡವಟ್ಟಾಗುತ್ತಿದೆ?
– ಶಿಕ್ಷಕಿ, ಧಾರವಾಡ

ಉತ್ತರ: ಬಹುಶಃ ಮೊದಲ ಸಾಲಿನಲ್ಲೇ. ಕಥೆ ಉದ್ಗಾರದಿಂದ ಶುರುವಾಗುತ್ತದೆ, ಓದುವವರು ಅಲ್ಲೇ ಗಂಟಲು ಏರಿಸಿಬಿಡುತ್ತಾರೆ. ಆರಂಭವೇ ಕಿರುಚಾಟವಾದರೆ ಕೊನೆಗೆ ಏರಿಸಲು ಏನೂ ಉಳಿಯುವುದಿಲ್ಲ, ಮಕ್ಕಳಿಗೆ ಅದು ನಾಟಕದ ಪಾತ್ರದಂತೆ ಕೇಳುತ್ತದೆ. ಮುದುಕನೊಬ್ಬನನ್ನು ಕೊಂದ ಕಥೆ ಹೇಳುತ್ತಿರುವವನು ತಾನು ಹುಚ್ಚನಲ್ಲ, ಎಷ್ಟು ಸಮಾಧಾನದಿಂದ ಹೇಳುತ್ತೇನೆ ನೋಡಿ ಎಂದು ನಂಬಿಸಲು ಹೊರಟವನು. ಹಾಗಾಗಿ ಮೊದಲ ಅರ್ಧವನ್ನು ಹಾಜರಿ ಕರೆಯುವ ದನಿಯಲ್ಲೇ ಓದಿ. "ಇವನಿಗೆ ಹುಚ್ಚು" ಎಂದು ಪೀಠಿಕೆಯಲ್ಲಿ ಹೇಳಲೇಬೇಡಿ.

ಮೂಲ ಸುಮಾರು 2,100 ಪದ, ನಿಧಾನವಾಗಿ ಓದಿದರೆ 16ರಿಂದ 18 ನಿಮಿಷ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ ಐದು ನಿಮಿಷವನ್ನು ಕಂದೀಲಿಗೆ ಕೊಡಿ. ಬೆಳಕು ಮುಚ್ಚುವ ತಗಡಿನ ಬಾಗಿಲಿರುವ ಆ ಕಂದೀಲನ್ನು ಇಂದಿನ ಮಕ್ಕಳು ಕಂಡಿಲ್ಲ. ಅದು ತಿಳಿಯದಿದ್ದರೆ ದೀಪ ಹಿಡಿದು ಬಂದವನನ್ನು ಮುದುಕ ಯಾಕೆ ನೋಡಲಿಲ್ಲ ಎಂಬ ಪ್ರಶ್ನೆ ಮಧ್ಯದಲ್ಲಿ ಏಳುತ್ತದೆ, ಕಥೆಯ ಕಾವು ಅಲ್ಲಿಗೆ ಇಳಿಯುತ್ತದೆ. ಟಾರ್ಚಿನ ಬಾಯಿಗೆ ಕಪ್ಪು ರಟ್ಟು ಅಂಟಿಸಿ, ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಕಿಟಕಿ ಮುಚ್ಚಿ ಗೋಡೆಗೆ ಬಿಡಿ. ಜೇಡನ ನೂಲಿನಂಥ ಒಂದೇ ಕಿರಣ ಮುದುಕನ ಕಣ್ಣಿನ ಮೇಲೆ ಬಿದ್ದದ್ದು ಆಗ ಅರ್ಥವಾಗುತ್ತದೆ. ಟಾರ್ಚಿನ ಕೆಲಸ ಇಷ್ಟೇ. ಓದುವಾಗ ಅದನ್ನು ಮುಖದ ಕೆಳಗೆ ಹಿಡಿದರೆ ಮತ್ತೆ ನಗುವೇ.

ಲೆಕ್ಕಗಳನ್ನು ಸ್ಪಷ್ಟವಾಗಿ ಓದಿ. ಏಳು ರಾತ್ರಿ ನಡುರಾತ್ರಿಗೆ ಸರಿಯಾಗಿ ಹೋಗುತ್ತಾನೆ, ಏಳು ರಾತ್ರಿಯೂ ಆ ಕಣ್ಣು ಮುಚ್ಚಿರುತ್ತದೆ. ಅವನಿಗೆ ದ್ವೇಷ ಮುದುಕನ ಮೇಲಲ್ಲ, ಪೊರೆ ಬಂದ ಆ ತಿಳಿನೀಲಿ ಕಣ್ಣಿನ ಮೇಲೆ. ಹಾಗಾಗಿ ಕಣ್ಣು ಮುಚ್ಚಿದ್ದರೆ ಕೆಲಸ ಆಗದು. ಎಂಟನೇ ರಾತ್ರಿ ಹೆಬ್ಬೆರಳು ಕಂದೀಲಿನ ತಗಡಿನ ಕೊಂಡಿಯ ಮೇಲೆ ಜಾರುತ್ತದೆ, ಮುದುಕ ಎದ್ದು ಕೂತು "ಯಾರದು?" ಅನ್ನುತ್ತಾನೆ. ಇಲ್ಲಿ ನಿಲ್ಲಿಸಿ. ಒಂದು ಗಂಟೆ ಮಿಸುಕದೆ ನಿಂತೆ ಎಂದು ಹೇಳುವವನು ಹೇಳುತ್ತಾನೆ, ನೀವು ಮನಸ್ಸಿನಲ್ಲೇ ಐದು ಎಣಿಸಿ. ತರಗತಿಯ ಮೌನಕ್ಕೆ ಐದು ಸೆಕೆಂಡ್ ಬಹಳ ದೊಡ್ಡದು.

ಮೂರು ಹಲಗೆ ಎತ್ತಿ ಹೆಣ ಅಡಗಿಸಿದ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಮೂವರು ಪೊಲೀಸರು ಬರುತ್ತಾರೆ. ಅಲ್ಲಿ ದನಿಯನ್ನು ಹಗುರ ಮಾಡಿ, ಅತಿಥಿ ಸತ್ಕಾರದ ದನಿ. ಹತ್ತಿಯಲ್ಲಿ ಸುತ್ತಿದ ಗಡಿಯಾರದಂಥ ಸದ್ದು ಶುರುವಾದಾಗ ಮೇಜು ಕುಟ್ಟುವುದು ದೊಡ್ಡ ತಪ್ಪು. ಆ ಸದ್ದು ಪೊಲೀಸರಿಗೆ ಕೇಳಿಸುತ್ತಿಲ್ಲ, ಮಕ್ಕಳಿಗೂ ಕೇಳಿಸಬಾರದು. ಕೊನೆಯ ಪ್ಯಾರಾದಲ್ಲಿ ವೇಗ ಏರಿಸಿ, ಸದ್ದು ಏರಿಸಬೇಡಿ. ಕಡೆಯ ಒಂದೇ ಕೂಗಿಗೆ ಗಂಟಲನ್ನು ಉಳಿಸಿಕೊಳ್ಳಿ.

ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಕೇಳಿಸಿದ್ದು ಯಾರ ಎದೆಬಡಿತ? ಸತ್ತವನದೇ, ಹೇಳುವವನದೇ? ಚುರುಕಿನ ಮಕ್ಕಳಿಗೆ ಇನ್ನೊಂದು ಸುಳಿವು ಕೊಡಿ. ಮರ ಕೊರೆಯುವ ಒಂದು ಜಾತಿಯ ಹುಳು ಗೋಡೆ-ತೊಲೆಗಳಲ್ಲಿ ಟಿಕ್ ಟಿಕ್ ಸದ್ದು ಮಾಡುತ್ತದೆ, ಅದು ಸಾವಿನ ಮುನ್ಸೂಚನೆ ಎಂಬ ನಂಬಿಕೆ ಇಂಗ್ಲೆಂಡ್, ಅಮೆರಿಕದಲ್ಲಿತ್ತು. ಗೋಡೆಯೊಳಗಿನ ಆ ಹುಳುವಿನ ಸದ್ದಿಗೆ ರಾತ್ರಿಗಟ್ಟಲೆ ಕಿವಿಗೊಟ್ಟಿದ್ದೆ ಎಂದು ಹೇಳುವವನೇ ಮಧ್ಯದಲ್ಲೊಮ್ಮೆ ಒಪ್ಪಿಕೊಳ್ಳುತ್ತಾನೆ. ಉತ್ತರ ಹೇಳಿ ಮುಗಿಸಬೇಡಿ. 1843ರ ಜನವರಿಯಲ್ಲಿ ಅಚ್ಚಾದಂದಿನಿಂದ ಅದು ತೀರ್ಮಾನವಾಗಿಲ್ಲ.

ಪ್ರಶ್ನೆ: ಪೋ ಅವರದೇ ಇನ್ನೊಂದು ಕಥೆಯಲ್ಲಿ ಒಬ್ಬ ತನ್ನ ಸ್ನೇಹಿತನನ್ನು ನೆಲಮಾಳಿಗೆಯಲ್ಲಿ ಗೋಡೆ ಕಟ್ಟಿ ಮುಚ್ಚುತ್ತಾನೆ. ನಾನು ಕಟ್ಟಡ ಕಂಟ್ರಾಕ್ಟರ್. ಹಸಿ ಗಾರೆಯ ಗೋಡೆಯನ್ನು ಒಳಗಿರುವವನು ತಳ್ಳಿ ಬೀಳಿಸಬಹುದಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಹಿತ್ಯದ ಮೇಷ್ಟ್ರುಗಳು ಕೇಳದ ಒಳ್ಳೆಯ ಪ್ರಶ್ನೆ. 1846ರಲ್ಲಿ ಅಚ್ಚಾದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ' ಅದು. ಪೋ ಅಳತೆ ಕೊಟ್ಟಿದ್ದಾರೆ, ನೀವೇ ತಾಳೆ ನೋಡಿ.

ಗೂಡು ನಾಲ್ಕು ಅಡಿ ಆಳ, ಮೂರು ಅಡಿ ಅಗಲ, ಆರೇಳು ಅಡಿ ಎತ್ತರ. ಮಾಂಟ್ರೆಸರ್ ಕಟ್ಟುವುದು ಕಲ್ಲಿನ 11 ವರಸೆ. ಏಳನೇ ವರಸೆ ಮುಗಿದಾಗ ಗೋಡೆ ಹತ್ತಿರಹತ್ತಿರ ಅವನ ಎದೆಮಟ್ಟಕ್ಕೆ ಬರುತ್ತದೆ. ಎದೆಮಟ್ಟ ನಾಲ್ಕು ಅಡಿಯ ಚಿಲ್ಲರೆ ಎಂದಿಟ್ಟುಕೊಂಡರೆ ಒಂದು ವರಸೆಗೆ ಗಾರೆಯೂ ಸೇರಿ ಏಳು ಇಂಚು. ಹನ್ನೊಂದು ಏಳಲಿ ಎಪ್ಪತ್ತೇಳು, ಆರೂವರೆ ಅಡಿಗೆ ಒಂದು ಇಂಚು ಕಡಿಮೆ. ಗೂಡಿನ ಎತ್ತರಕ್ಕೆ ಸರಿಹೊಂದುತ್ತದೆ. ಮೂರು ಅಡಿ ಅಗಲಕ್ಕೆ ವರಸೆಗೆ ಎರಡು-ಮೂರು ಕಲ್ಲು, ಒಟ್ಟು ಮೂವತ್ತರ ಆಸುಪಾಸು. ಮುಸ್ಸಂಜೆಯಲ್ಲಿ ಸ್ನೇಹಿತನನ್ನು ಕಂಡು, ನಡುರಾತ್ರಿಗೆ ಹತ್ತು ವರಸೆ ಮುಗಿಸಿ ಹನ್ನೊಂದನೆಯದಕ್ಕೆ ಕೈ ಹಾಕಿರುತ್ತಾನೆ. ಒಬ್ಬನೇ ಗಾರೆ ಕೆಲಸದವನಿಗೆ ಆಗದ ಕೆಲಸವಲ್ಲ. ಕಲ್ಲು, ಗಾರೆ ಎರಡನ್ನೂ ಮೂಳೆಗಳ ರಾಶಿಯಡಿ ಮೊದಲೇ ಬಚ್ಚಿಟ್ಟಿದ್ದ, ಕರಣೆ ಮೇಲಂಗಿಯೊಳಗೇ ಇತ್ತು.

ಇನ್ನು ಗಾರೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗಬೇಕು, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಅದು ನದಿಯ ತಳದ ಕೆಳಗಿನ, ಗೋಡೆಯಲ್ಲೆಲ್ಲ ಉಪ್ಪುಪ್ಪಾದ ಸವಳು ಬಿಟ್ಟ, ನೀರು ತೊಟ್ಟಿಕ್ಕುವ ಜಾಗ. ಆ ಥಂಡಿಯಲ್ಲಿ ಇನ್ನೂ ನಿಧಾನ. ನಿಮ್ಮ ಅನುಮಾನ ಸರಿ, ಆ ರಾತ್ರಿ ಗೋಡೆಗೆ ಬಲವಿರಲಿಲ್ಲ. ಅದಕ್ಕೇ ಪೋ ಒಂದು ಕೆಲಸ ಮೊದಲೇ ಮಾಡಿಸಿದ್ದಾರೆ. ಗೂಡಿನ ಒಳಗಿನ ಕಲ್ಲಿಗೆ ಎರಡು ಅಡಿ ಅಂತರದಲ್ಲಿ ಎರಡು ಕಬ್ಬಿಣದ ಕೊಂಡಿಗಳು, ಒಂದಕ್ಕೆ ಸರಪಳಿ, ಇನ್ನೊಂದಕ್ಕೆ ಬೀಗ. ಕುಡಿದ ಅಮಲಿನಲ್ಲಿದ್ದ ಫಾರ್ಚುನಾಟೊನ ಸೊಂಟಕ್ಕೆ ಸರಪಳಿ ಬಿಗಿದು ಬೀಗ ಹಾಕಲು ಕೆಲವೇ ಸೆಕೆಂಡ್ ಸಾಕಾಗುತ್ತದೆ. ಅವನನ್ನು ಹಿಡಿದಿಟ್ಟದ್ದು ಸರಪಳಿ. ಗೋಡೆ ಇರುವುದು ಹೊರಗಿನವರ ಕಣ್ಣಿಗೆ. ಅದರ ಮುಂದೆ ಮತ್ತೆ ಮೂಳೆ ಒಟ್ಟಿ, ಅರ್ಧ ಶತಮಾನ ಯಾರೂ ಮುಟ್ಟಿಲ್ಲ ಎಂದು ಮಾಂಟ್ರೆಸರ್ ಕಥೆ ಮುಗಿಸುತ್ತಾನೆ.

ಪ್ರಶ್ನೆ: ಕಿಟಕಿಯಿಂದ ಸತ್ತವರು ನಡೆದು ಬರುವ ಕಥೆಯಲ್ಲಿ ಅವರು ನಿಜವಾಗಿ ದೆವ್ವಗಳೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಲ್ಲ. ಸಾಕಿ ಅವರ 'ದಿ ಓಪನ್ ವಿಂಡೋ' ಅದು. ನರಗಳ ಕಾಯಿಲೆಗೆ ಹಳ್ಳಿಗೆ ಬಂದ ಫ್ರ್ಯಾಮ್‌ಟನ್ ನಟೆಲ್‌ಗೆ 15 ವರ್ಷದ ವೀರಾ ಕಟ್ಟಿ ಹೇಳಿದ ಸುಳ್ಳು. ಮೂರು ವರ್ಷದ ಹಿಂದೆ ಇದೇ ದಿನ ಬೇಟೆಗೆ ಹೋದ ಚಿಕ್ಕಮ್ಮನ ಗಂಡ, ಇಬ್ಬರು ತಮ್ಮಂದಿರು ಹುದುಲಲ್ಲಿ ಹೂತುಹೋದರು, ಅವರು ಬರುತ್ತಾರೆಂದು ಕಿಟಕಿ ತೆರೆದೇ ಇಡುತ್ತಾರೆ ಎಂದು ನಂಬಿಸುತ್ತಾಳೆ. ಅವರು ಬೇಟೆಗೆ ಹೋದದ್ದು ಅವತ್ತೇ.

ಮಕ್ಕಳು ತಪ್ಪಿಸಿಕೊಳ್ಳುವ ಸುಳಿವು ಆರಂಭದಲ್ಲೇ ಇದೆ. ಸುಳ್ಳು ಶುರುಮಾಡುವ ಮುಂಚೆ ವೀರಾ ಎರಡು ವಿಷಯ ಖಾತ್ರಿ ಮಾಡಿಕೊಳ್ಳುತ್ತಾಳೆ: ಇವನಿಗೆ ಊರಲ್ಲಿ ಯಾರ ಪರಿಚಯವೂ ಇಲ್ಲ, ಚಿಕ್ಕಮ್ಮನ ಬಗ್ಗೆ ಏನೂ ಗೊತ್ತಿಲ್ಲ. ಆಮೇಲೆ ಬಿಳಿ ಮಳೆಕೋಟು, ಕಂದು ನಾಯಿ, ತಮ್ಮನೊಬ್ಬ ಗುನುಗುವ ಹಾಡು ಇವನ್ನೆಲ್ಲ ಸೇರಿಸುತ್ತಾಳೆ. ಇವು ದಿನಾ ಅವಳು ಕಾಣುವ ನಿಜವಾದ ವಸ್ತುಗಳು. ಮೂವರು ಮನೆಗೆ ಮರಳುವಾಗ ಅವೇ ಸುಳ್ಳಿಗೆ ಸಾಕ್ಷಿ ನುಡಿಯುತ್ತವೆ. ಅವನು ಓಡಿಹೋದ ಮೇಲೆ ಎರಡನೇ ಸುಳ್ಳು: ಗಂಗಾತೀರದ ಸ್ಮಶಾನವೊಂದರಲ್ಲಿ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದು, ಹೊಸದಾಗಿ ತೋಡಿದ ಗುಂಡಿಯಲ್ಲಿ ರಾತ್ರಿ ಕಳೆದವನಂತೆ, ಅದಕ್ಕೇ ನಾಯಿ ಎಂದರೆ ಭಯವಂತೆ. ಈ ಎರಡನೆಯದನ್ನು ಓದಿದ ಮೇಲೂ ಮೊದಲನೆಯದು ನಿಜ ಎಂದುಕೊಂಡರೆ ಕೊನೆಯ ವಾಕ್ಯವನ್ನು ಬಿಟ್ಟು ಓದಿದ್ದೀರಿ ಎಂದೇ ಅರ್ಥ.

ಪ್ರಶ್ನೆ: ಐಸಿಎಸ್‌ಇ ಪುಸ್ತಕದಲ್ಲಿ ಮುಖವೇ ಇಲ್ಲದ ಹುಡುಗನ ಕಥೆ ಇತ್ತು. ಹೆಸರು ನೆನಪಾಗುತ್ತಿಲ್ಲ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ರಸ್ಕಿನ್ ಬಾಂಡ್ ಅವರ 'ಎ ಫೇಸ್ ಇನ್ ದ ಡಾರ್ಕ್'. ಶಿಮ್ಲಾ ಹೊರವಲಯದ ಶಾಲೆಯ ಮೇಷ್ಟ್ರು ಆಲಿವರ್, ರಾತ್ರಿ ಪೈನ್ ಕಾಡಿನಲ್ಲಿ ಅಳುತ್ತ ಕೂತ ಹುಡುಗನ ಮೇಲೆ ಟಾರ್ಚ್ ಬಿಡುತ್ತಾರೆ. ಕಣ್ಣು, ಕಿವಿ, ಮೂಗು, ಬಾಯಿ ಏನೂ ಇಲ್ಲ. ಓಡಿ ಬಂದು ಕಾವಲುಗಾರನಿಗೆ ಹೇಳಿದರೆ, ಕಂದೀಲು ಎತ್ತಿದ ಅವನ ಮುಖವೂ ಹಾಗೇ. ಆಗ ಕಂದೀಲು ಆರುತ್ತದೆ. ಈ ಎರಡು ಹೆಜ್ಜೆಯ ಅಚ್ಚು ಹಳೆಯದು. ಲಫ್ಕಾಡಿಯೊ ಹರ್ನ್ 1904ರ 'ಕ್ವಾಯ್ದಾನ್' ಸಂಕಲನದಲ್ಲಿ ಬರೆದ ಜಪಾನಿನ 'ಮುಜಿನಾ' ಕಥೆಯಲ್ಲಿ ಮೊದಲು ಅಳುವ ಹೆಂಗಸು, ಆಮೇಲೆ ನೂಡಲ್ಸ್ ಮಾರುವವನು, ಕೊನೆಗೆ ದೀಪ ಆರುವುದು. ಎರಡನ್ನೂ ಒಂದೇ ಪೀರಿಯಡ್‌ನಲ್ಲಿ ಓದಿಸಬಹುದು.

ಪ್ರಶ್ನೆ: ಅಮೆರಿಕದಲ್ಲಿ ಒಂಬತ್ತನೇ ಗ್ರೇಡ್ ಓದುವ ಮಗ 'ದಿ ಲಾಟರಿ' ಎಂಬ ಪಾಠ ಓದಿ ಬಂದು ಎರಡು ದಿನದಿಂದ ಮಂಕಾಗಿದ್ದಾನೆ. "ಯಾಕಮ್ಮ ಹಾಗೆ ಮಾಡಿದರು?" ಎಂದಷ್ಟೇ ಕೇಳುತ್ತಾನೆ. ಇಂಥದ್ದನ್ನು ಮಕ್ಕಳಿಗೆ ಯಾಕೆ ಓದಿಸುತ್ತಾರೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಮಗ ಕೇಳಿದ್ದು ಸರಿಯಾದ ಪ್ರಶ್ನೆ. 1948ರ ಜೂನ್ 26ರ 'ದಿ ನ್ಯೂಯಾರ್ಕರ್' ಸಂಚಿಕೆಯಲ್ಲಿ ಈ ಕಥೆ ಬಂದಾಗ ದೊಡ್ಡವರೇ ತಡೆದುಕೊಳ್ಳಲಿಲ್ಲ. ಆ ಬೇಸಿಗೆಯಲ್ಲಿ ಲೇಖಕಿ ಶರ್ಲಿ ಜಾಕ್ಸನ್ ಅವರಿಗೆ 300ಕ್ಕೂ ಹೆಚ್ಚು ಕಾಗದ ಬಂದವು. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ವಿಚಾರಿಸಿದವರೂ ಅವರಲ್ಲಿದ್ದರು ಎಂದು ಜಾಕ್ಸನ್ ಆಮೇಲೆ ಹೇಳಿದ್ದಾರೆ. ನಮಗಂತೂ ಕಥೆಗಿಂತ ಈ ಕಾಗದಗಳೇ ಹೆಚ್ಚು ಹೆದರಿಸುತ್ತವೆ.

ಮಗನ ಜೊತೆ ಕೂತು ನೀವೂ ಓದಿ, ಅರ್ಧ ಗಂಟೆ ಸಾಕು. ಎರಡನೇ ಪ್ಯಾರಾದಲ್ಲೇ ಹುಡುಗರು ಜೇಬಿಗೆ ಕಲ್ಲು ತುಂಬಿಕೊಳ್ಳುತ್ತಾರೆ, ನುಣುಪಾದ ದುಂಡುಕಲ್ಲು ಆರಿಸುತ್ತಾರೆ. ಮೊದಲ ಓದಿನಲ್ಲಿ ಅದು ಆಟ ಅನ್ನಿಸುತ್ತದೆ. ಕತ್ತಲಿಲ್ಲ, ಗಾಳಿಯಿಲ್ಲ. ಜೂನ್ 27ರ ಬಿಸಿಲಿನ ಬೆಳಿಗ್ಗೆ ಸುಮಾರು 10ಕ್ಕೆ ಶುರು, ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು. ಮುನ್ನೂರು ಜನರ ಊರು. ಚೀಟಿ ಎತ್ತುವುದು ಎರಡು ಸುತ್ತು: ಮೊದಲು ಮನೆಗೊಂದು, ಆಮೇಲೆ ಗುರುತು ಹಾಕಿದ ಚೀಟಿ ಬಂದ ಮನೆಯೊಳಗೆ ತಲೆಗೊಂದು. ಹಚಿನ್‌ಸನ್ ಮನೆಯಲ್ಲಿ ಐದು ತಲೆ, ಐದು ಚೀಟಿ. ಪೆನ್ಸಿಲ್‌ನ ಕಪ್ಪು ಚುಕ್ಕೆ ತಾಯಿ ಟೆಸ್ಸಿಗೆ ಬರುತ್ತದೆ. ಚುಕ್ಕೆ ಬಂದವರನ್ನು ಊರವರೆಲ್ಲ ಸೇರಿ ಕಲ್ಲು ಹೊಡೆದು ಕೊಲ್ಲುತ್ತಾರೆ. ಪುಟ್ಟ ಮಗ ಡೇವಿಯ ಕೈಗೂ ಯಾರೋ ಒಂದೆರಡು ಸಣ್ಣ ಕಲ್ಲು ಕೊಡುತ್ತಾರೆ.

ಯಾಕೆ ಹಾಗೆ ಮಾಡಿದರು ಎಂಬುದಕ್ಕೆ ಕಥೆಯಲ್ಲಿ ಕಾರಣ ಕೊಟ್ಟಿಲ್ಲ. ಜೂನ್‌ನಲ್ಲಿ ಲಾಟರಿ ಆದರೆ ಫಸಲು ಚೆನ್ನಾಗಿ ಬರುತ್ತದೆ ಎಂಬ ಹಳೆಯ ಗಾದೆಯೊಂದನ್ನು ಮುದುಕ ವಾರ್ನರ್ ಹೇಳುತ್ತಾನೆ, ಅಷ್ಟೆ. ಅವನಿಗಿದು 77ನೇ ಲಾಟರಿ. ಮಗನಿಗೆ ಈ ಎರಡು ಜಾಗ ತೋರಿಸಿ: ಪಕ್ಕದ ಊರವರು ಲಾಟರಿ ಬಿಡುವ ಮಾತಾಡುತ್ತಿದ್ದಾರೆ ಎಂದು ಆಡಮ್ಸ್ ಹೇಳುವುದು, ಟೆಸ್ಸಿ ಇದು ಅನ್ಯಾಯ ಎಂದು ಮೊದಲು ಕೂಗುವುದು. ಅವಳು ಕೂಗುವುದು ತನ್ನ ಮನೆಯ ಸರದಿ ಬಂದ ಮೇಲೆ, ಅದಕ್ಕೆ ಮುಂಚೆ ನಗುನಗುತ್ತ ಬಂದವಳು. ಯಾರು, ಯಾವಾಗ ತಡೆಯಬಹುದಿತ್ತು ಎಂದು ಅವನನ್ನೇ ಕೇಳಿ. "ಇದು ಬರೀ ಕಥೆ ಕಣೋ" ಎಂದು ತಲೆ ಸವರಿದರೆ ಆ ವಯಸ್ಸಿನವರು ನಿಮ್ಮ ಹತ್ತಿರ ಮತ್ತೆ ಕೇಳುವುದಿಲ್ಲ.

ಪ್ರಶ್ನೆ: ರೈಲು ಸುರಂಗ, ಕೆಂಪು ದೀಪ, ಕೈ ಬೀಸುವ ನೆರಳು. ಇಷ್ಟೇ ನೆನಪಿದೆ. ಇಂಥ ಅರೆಮರೆವಿನ ಕಥೆಯನ್ನು ಹುಡುಕುವುದು ಹೇಗೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನಿಮ್ಮದು ಚಾರ್ಲ್ಸ್ ಡಿಕನ್ಸ್ ಅವರ 'ದಿ ಸಿಗ್ನಲ್-ಮ್ಯಾನ್', 1866ರ ಡಿಸೆಂಬರ್‌ನದು. ಹುಡುಕುವಾಗ ನೀವು ಬರೆದ ಹಾಗೆಯೇ ವಸ್ತುಗಳನ್ನು ಹಿಡಿಯಬೇಕು. "ದೆವ್ವದ ಕಥೆ, ಕೊನೆಗೆ ಸಾಯುತ್ತಾನೆ" ಎಂದು ಹುಡುಕಿದರೆ ಸಾವಿರ ಸಿಗುತ್ತವೆ. ಒಂದು ವಸ್ತು, ಒಂದು ಜಾಗ, ಒಂದು ಉದ್ಯೋಗ, ಈ ಮೂರನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ಹಾಕಿ. ಪಾತ್ರದ ಹೆಸರನ್ನು ನಂಬಬೇಡಿ, ಮೊದಲು ಮರೆಯುವುದೇ ಅದು. ಓದಿದ ವರ್ಷ, ತರಗತಿ, ಬೋರ್ಡ್ ಗೊತ್ತಿದ್ದರೆ ಹಳೆಯ ಪಠ್ಯಪುಸ್ತಕದ ಪರಿವಿಡಿ ಹುಡುಕಿ. ಶೀರ್ಷಿಕೆ ಸಿಕ್ಕ ಮೇಲೆ ಕಾಪಿರೈಟ್ ಹಕ್ಕು ಮುಗಿದ ಕಥೆಗಳ ಪೂರ್ಣಪಾಠ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತ. ಪಠ್ಯಪುಸ್ತಕದಲ್ಲಿ ಓದಿದ್ದು ಸಂಕ್ಷಿಪ್ತ ರೂಪ ಆಗಿರಬಹುದು, ಮೂಲ ಬೇರೆ ರುಚಿ ಕೊಟ್ಟರೆ ಗಾಬರಿಯಾಗಬೇಡಿ.

ಮತ್ತೆ ಓದುವಾಗ ಗಮನಿಸಿ: ನೆರಳು ಮೊದಲ ಸಲ ಕಂಡ ಆರು ಗಂಟೆಯೊಳಗೆ ಅಪಘಾತ, ಎರಡನೇ ಸಲ ಕಂಡಾಗ ರೈಲಿನಲ್ಲಿ ಯುವತಿಯ ಸಾವು, ಮೂರನೆಯದು ಸಿಗ್ನಲ್‌ಮ್ಯಾನ್‌ನದೇ. ಕೊನೆಯಲ್ಲಿ ಎಂಜಿನ್ ಡ್ರೈವರ್ ಕೂಗಿದ ಮಾತುಗಳಲ್ಲಿ ಒಂದು ಭಾಗ ಕಥೆ ಹೇಳುವವನು ತನ್ನ ಮನಸ್ಸಿನಲ್ಲಷ್ಟೇ ಅಂದುಕೊಂಡದ್ದು, ಯಾರಿಗೂ ಹೇಳಿರಲಿಲ್ಲ. ಡಿಕನ್ಸ್‌ಗೆ ಈ ಭಯ ಪುಸ್ತಕದ್ದಲ್ಲ. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್‌ನಲ್ಲಿ, ದುರಸ್ತಿಗೆ ಹಳಿ ತೆಗೆದಿದ್ದ ಸೇತುವೆಯ ಮೇಲೆ ಬಂದ ರೈಲಿನಲ್ಲಿ ಅವರಿದ್ದರು. ಮೇಸ್ತ್ರಿ ರೈಲಿನ ವೇಳೆ ತಪ್ಪಾಗಿ ನೋಡಿದ್ದ. ಹತ್ತು ಜನ ಸತ್ತರು. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಅದೂ ಜೂನ್ 9ರಂದೇ.

ಪ್ರಶ್ನೆ: ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನಲ್ಲಿ ಹೆದರಿಕೆ ಕಥೆಯೇ ಇಲ್ಲವೇ?
– ವಿದ್ಯಾರ್ಥಿ, ಹಾಸನ

ಉತ್ತರ: ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಓದಿಲ್ಲವೇ? ಅಪ್ಪನ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಸ್ವಾಮಿ, ಬೆಂಚಿನಡಿ ನುಸುಳಿ, ಕತ್ತಲಲ್ಲಿ ಸರಿದಾಡುವ ಆಕಾರವನ್ನು ದೆವ್ವವೆಂದು ಕಾಲಿಗೆ ಕಚ್ಚುತ್ತಾನೆ. ಅದು ಕಳ್ಳ. ಊರೆಲ್ಲ ಹೊಗಳಿದ ಮೇಲೂ ಅವನು ಮಲಗುವುದು ಅಜ್ಜಿಯ ಪಕ್ಕದಲ್ಲೇ. ಭಯವನ್ನು ತಮಾಷೆಯಾಗಿಸುವುದು ಭಯ ಹುಟ್ಟಿಸುವುದಕ್ಕಿಂತ ಸುಲಭವೇನಲ್ಲ.

ಪ್ರಶ್ನೆ: ಇಂಥ ಹತ್ತು ಕಥೆಗಳನ್ನು ಕನ್ನಡಕ್ಕೆ ತಂದು ಪುಸ್ತಕ ಮಾಡುವ ಆಸೆ. ಅನುಮತಿ ಬೇಕೇ? ಅನುವಾದದಲ್ಲಿ ಎಲ್ಲಿ ಜೋಪಾನವಾಗಿರಬೇಕು?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪೋ (ನಿಧನ 1849), ಡಿಕನ್ಸ್ (1870), ಸಾಕಿ (1916), ಜೇಕಬ್ಸ್ (1943) ಇವರ ಕಥೆಗಳಿಗೆ ಯಾರನ್ನೂ ಕೇಳಬೇಕಿಲ್ಲ. ಶರ್ಲಿ ಜಾಕ್ಸನ್ 1965ರಲ್ಲಿ ತೀರಿಕೊಂಡರು, ಇಲ್ಲಿ ಹಕ್ಕು 2025ರ ಡಿಸೆಂಬರ್ 31ರವರೆಗೆ. ಅಮೆರಿಕದ ಲೆಕ್ಕ ಬೇರೆ, ಅಲ್ಲಿ ಮಾರುವುದಿದ್ದರೆ ಅನುಮತಿ ಬೇಕು. ರೋಆಲ್ಡ್ ಡಾಲ್ (1990) ಅವರ 'ದಿ ಲ್ಯಾಂಡ್‌ಲೇಡಿ' ಬೇಕೆಂದರೆ 2050 ಮುಗಿಯುವವರೆಗೂ ಅನುಮತಿ ಪಡೆಯಲೇಬೇಕು, ಬಾಂಡ್ ಅವರ ಕಥೆಗಳಿಗೂ ಅನುಮತಿ ಬೇಕು. ಮೂಲಕ್ಕೆ ಹಕ್ಕು ಮುಗಿದಿದ್ದರೂ ಬೇರೆಯವರು ಮಾಡಿದ ಹಳೆಯ ಕನ್ನಡ ಅನುವಾದ, ಪುಸ್ತಕದ ಚಿತ್ರಗಳು, ಇವುಗಳ ಹಕ್ಕು ಪ್ರತ್ಯೇಕ. ಅಲ್ಲಿಂದ ಪ್ಯಾರಾ ಎತ್ತಬೇಡಿ.

ಜೋಪಾನ ಬೇಕಾದ್ದು ಕ್ರಿಯಾಪದದಲ್ಲಿ. ಕೋತಿ ಪಂಜದ ಕಥೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬಾಗಿಲು "ತಟ್ಟಿದ" ಎಂದರೆ ಮಗ ಬಂದ ಹಾಗಾಯಿತು, "ತಟ್ಟಿತು" ಎಂದರೆ ಪಿಶಾಚಿ ಬಂದ ಹಾಗಾಯಿತು. ಜೇಕಬ್ಸ್ ಎರಡನ್ನೂ ಹೇಳಿಲ್ಲ. "ತಟ್ಟುವ ಸದ್ದು ಕೇಳಿಸಿತು" ಎಂದು ಸದ್ದನ್ನೇ ಕರ್ತೃ ಮಾಡಿ. ಗಂಡ-ಹೆಂಡತಿ ಮಾತಿನಲ್ಲಿ ಮಾತ್ರ ಬೇರೆ ಬೇರೆ ರೂಪ ಬಳಸಬಹುದು, ತಾಯಿಯ ಬಾಯಲ್ಲಿ "ಅವನು", ತಂದೆಯ ಬಾಯಲ್ಲಿ "ಅದು". ಪೌಂಡನ್ನು ರೂಪಾಯಿ ಮಾಡಬೇಡಿ, ಮೈಲಿಯನ್ನು ಕಿಲೋಮೀಟರ್ ಮಾಡಬೇಡಿ, ಚದುರಂಗದ ಆಟ ಹಾಗೇ ಇರಲಿ. ಊರು ಬದಲಿಸಿ ರೂಪಾಂತರ ಮಾಡುವುದಾದರೆ ಪೂರ್ತಿ ಮಾಡಿ: ಹೆಣ ಹೂಳುವ ಮನೆತನವೇ ಆಗಬೇಕು, ಸುಡುವವರಾದರೆ ಎರಡನೇ ವರಕ್ಕೆ ಅರ್ಥವೇ ಉಳಿಯುವುದಿಲ್ಲ.

ಇಂಗ್ಲಿಷಿನ 4,000 ಪದ ಕನ್ನಡದಲ್ಲಿ ಸುಮಾರು 3,000ಕ್ಕೆ ಇಳಿಯುವುದು ಸಹಜ. ಇಳಿಯದಿದ್ದರೆ ಎಲ್ಲೋ ವಿವರಣೆ ಸೇರಿದೆ ಎಂದೇ ತಿಳಿಯಿರಿ, ಹುಡುಕಿ ತೆಗೆಯಿರಿ. ಸಾಮಾನ್ಯವಾಗಿ ಅದು ಸಿಗುವುದು ಕೊನೆಯ ಎರಡು ಪ್ಯಾರಾಗಳಲ್ಲಿ. ಪ್ರತಿ ಕಥೆಯ ಕೆಳಗೆ ಮೂಲ ಲೇಖಕರ ಹೆಸರು, ಇಂಗ್ಲಿಷ್ ಶೀರ್ಷಿಕೆ ಕನ್ನಡ ಲಿಪಿಯಲ್ಲಿ, ಮೊದಲು ಅಚ್ಚಾದ ವರ್ಷ ಹಾಕಿ. ಆ ಶೀರ್ಷಿಕೆಯನ್ನು ಪರಿವಿಡಿಯಲ್ಲೂ ಕೊಟ್ಟರೆ, ಶಾಲೆಯಲ್ಲಿ ಓದಿ ಮರೆತವರು ತಮ್ಮ ಕಥೆಯನ್ನು ಬೇಗ ಪತ್ತೆ ಹಚ್ಚುತ್ತಾರೆ.